ಮುಗೀತಪ್ಪ ಹೇಳಿದ ‘ಆಯ್ತು’

ಎಂಜಿನ್ ಕೈಕೊಟ್ಟಿತಂತೆ ಎಂದು ಯಾರಾದರೂ ನನ್ನೆದುರು ಅಂದರೆ ಇವತ್ತಿಗೂ ಮೈ ಉರಿಯುತ್ತದೆ. ಎಂಜಿನ್, ಪಾಪ, ಯಾರಿಗೆ ಕೈಕೊಡುತ್ತದೆ? ಪೆಟ್ರೋಲು ಕೊಟ್ಟರೆ ತಿರುಗುತ್ತದೆ, ನೀರು ಕುಡಿಸಿದರೆ ನಿಲ್ಲುತ್ತದೆ. ಅದಕ್ಕಿರುವ ಬುದ್ಧಿ ಅಷ್ಟೇ. ಕೈಕೊಡುವುದು ಮನುಷ್ಯರು. ನಮಗೆ ಕೈಕೊಟ್ಟವನು ನನ್ನ ಸ್ವಂತ ತಮ್ಮ. ಅವನ ವಿಷಯ ಹೇಳಹೊರಟರೆ ಒಳ್ಳೆಯದನ್ನೂ ಹೇಳಬೇಕಾಗುತ್ತದೆ, ಅದೇ ನನ್ನ ಸಂಕಟ.

ಅಮ್ಮ ತೀರಿಕೊಂಡಾಗ ಅವನಿನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಅಪ್ಪ ಬಸ್ ಡಿಪೋದಲ್ಲಿ ರಾತ್ರಿ ಪಾಳಿಯ ಫಿಟ್ಟರ್. ಬೆಳಿಗ್ಗೆ ಬಂದು ಮಲಗಿದರೆ ಮನೆಯಲ್ಲಿ ಪಾತ್ರೆ ಸದ್ದಾಗುವ ಹಾಗಿರಲಿಲ್ಲ. ಹಾಗಾಗಿ ಇವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಜ್ವರ ಬಂದರೆ ನಾನು, ಪರೀಕ್ಷೆ ಬಂದರೆ ನಾನು, ಪಕ್ಕದ ಮನೆಯವರು ದೂರು ತಂದರೂ ನಾನೇ. ದೂರೇನು ಕಡಿಮೆಯೇ? ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುವ ಚಟ ಅವನಿಗೆ. ಅಲಾರಂ ಗಡಿಯಾರ ಬಿಚ್ಚಿದ, ಹೊಲಿಗೆ ಯಂತ್ರ ಬಿಚ್ಚಿದ, ಪಕ್ಕದ ಮನೆಯವರ ಸೈಕಲ್ಲನ್ನು ಅವರ ಅಂಗಳದಲ್ಲೇ ಬಿಚ್ಚಿ ಹರಡಿದ. ಆದರೆ ಬಿಚ್ಚಿದ್ದನ್ನು ಜೋಡಿಸದೆ ಬಿಟ್ಟವನಲ್ಲ. ಒಂದು ಸ್ಕ್ರೂ ಹೊರಗೆ ಉಳಿಯಿತೆಂದರೆ ಅದರ ಜಾಗ ಸಿಗುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ.

ನಾನು ಮದುವೆಯಾದದ್ದು ವಿಮಾನ ಹಾರಿಸುವವರನ್ನು. ವಿಮಾನ ಅಂದ ಕೂಡಲೇ ಹುಬ್ಬೇರಿಸಬೇಡಿ, ನೂರಾರು ಜನ ಕೂತು ಹೋಗುವಂಥದ್ದಲ್ಲ. ಇಬ್ಬರು ಕೂರುವ, ರೆಕ್ಕೆ ತಲೆಯ ಮೇಲಿರುವ, ಬಾಗಿಲು ಹಾಕಿದರೆ ಹಳೇ ಬೀರುವಿನ ಸದ್ದು ಬರುವ ಪುಟ್ಟ ವಿಮಾನ. ಊರಾಚೆಯ ಮೈದಾನದಲ್ಲಿ ಮಾಲೀಕರೊಬ್ಬರು ಅಂಥ ಮೂರು ವಿಮಾನ ಇಟ್ಟುಕೊಂಡು ಹಾರಾಟ ಕಲಿಸುವ ಶಾಲೆ ನಡೆಸುತ್ತಿದ್ದರು. ನಮ್ಮ ಯಜಮಾನರು ಅಲ್ಲಿ ಮೇಷ್ಟ್ರು. ಮೈದಾನದ ಬೇಲಿಗೆ ಅಂಟಿಕೊಂಡೇ ನಮ್ಮ ಕ್ವಾರ್ಟರ್ಸು. ತಮ್ಮನನ್ನು ಬಿಟ್ಟು ಬರಲು ಮನಸ್ಸಾಗದೆ ಜೊತೆಗೇ ಕರೆದುಕೊಂಡು ಬಂದೆ. ಇವರು ಒಂದು ಮಾತೂ ಎದುರಾಡಲಿಲ್ಲ. “ಬಿಚ್ಚೋ ಕೈ ತಾನೇ? ದೊಡ್ಡದನ್ನೇ ಕೊಡೋಣ ಬಾ” ಎಂದು ಅವನನ್ನು ವಿಮಾನದ ಶೆಡ್ಡಿಗೆ ಕರೆದುಕೊಂಡು ಹೋದರು. ಓದಿಗೆ, ಮೆಕ್ಯಾನಿಕ್ ಲೈಸೆನ್ಸಿನ ಪರೀಕ್ಷೆಗೆ, ಎಲ್ಲಕ್ಕೂ ಬೆನ್ನಿಗೆ ನಿಂತರು. ಪಾಸಾದ ದಿನ ಭಾವ ಭಾಮೈದ ಇಬ್ಬರೂ ಗ್ರೀಸ್ ಮೆತ್ತಿದ ಕೈಯಲ್ಲಿ ಬಂದು ನನ್ನ ಅಡುಗೆಮನೆಯ ಬಿಳಿ ಗೋಡೆಗೆ ಅಂಗೈ ಒತ್ತಿದರು. ಬಾಯಿಗೆ ಬಂದ ಹಾಗೆ ಬೈದೆ. ಒರೆಸಲು ಮಾತ್ರ ಹೋಗಲಿಲ್ಲ.

ಈಗ ಆ ಪದದ ವಿಷಯಕ್ಕೆ ಬರುತ್ತೇನೆ. ನಮ್ಮ ಮಾತಿನಲ್ಲಿ ‘ಆಯ್ತು’ ಅನ್ನುವುದೊಂದು ಇದೆಯಲ್ಲ, ಅದರಷ್ಟು ಎರಡು ನಾಲಿಗೆಯ ಪದ ಇನ್ನೊಂದಿಲ್ಲ. ‘ಬಟ್ಟೆ ಒಗಿ’ ಅಂದರೂ ಆಯ್ತು, ‘ಒಗೆದ್ಯಾ’ ಅಂದರೂ ಆಯ್ತು. ಒಗೆದು ಮುಗಿಯಿತೋ, ಒಗೆಯುತ್ತೇನೆ ಅಂತಲೋ, ಹೇಳಿದವನಿಗೇ ಗೊತ್ತು. ಮನೆಯಲ್ಲಾದರೆ ಬಟ್ಟೆ ಕೊಳೆಯಾಗಿ ಉಳಿಯುತ್ತದೆ, ಇನ್ನೇನಿಲ್ಲ. ಮೈದಾನದಲ್ಲಿ ಹಾಗಲ್ಲ. ತಮ್ಮ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಇವರು ವಿಮಾನದೊಳಗೆ ಕೂತು, ಚಕ್ರ ಉರುಳದ ಹಾಗೆ ಅಡ್ಡ ಇಟ್ಟ ಮರದ ತುಂಡನ್ನು ತೆಗಿ ಎಂದು ಕೂಗಿದರು. ಇವನು “ಆಯ್ತು ಭಾವ” ಅಂದ. ತೆಗೆದದ್ದಾಯಿತು ಎಂದುಕೊಂಡು ಇವರು ಎಂಜಿನ್ ಚಾಲೂ ಮಾಡಿದರು. ಇವನು ತೆಗೆಯಲು ಆಗಷ್ಟೇ ಬಗ್ಗುತ್ತಿದ್ದ. ಮೂತಿಯ ಪ್ರೊಪೆಲ್ಲರ್ ಅವನ ಟೋಪಿಯನ್ನು ಹಾರಿಸಿಕೊಂಡು ಹೋಯಿತು. ತಲೆ ಉಳಿದದ್ದೇ ಪುಣ್ಯ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಇವರು ಅವನ ಕಡೆ ತಿರುಗಿದರು.

“ನೋಡು, ಇನ್ಮೇಲೆ ಮೈದಾನದಲ್ಲಿ ‘ಆಯ್ತು’ ಅನ್ನೋ ಪದ ಸತ್ತುಹೋಯ್ತು ಅಂತ ತಿಳ್ಕೋ. ಮಾಡೋದಿದ್ರೆ ‘ಮಾಡ್ತೀನಿ’ ಅನ್ನು. ಮಾಡಿದ್ಮೇಲೆ ‘ಮುಗೀತು’ ಅನ್ನು. ಮೂರನೇ ಮಾತು ಬೇಡ. ತಿಳೀತಾ?”

“ಆಯ್ತು ಭಾವ” ಅಂದ ನನ್ನ ತಮ್ಮ.

ಇವರು ತಟ್ಟೆ ಬಿಟ್ಟು ಎದ್ದೇಬಿಟ್ಟರು. ನಾನು ನಕ್ಕು ನಕ್ಕು ನೆತ್ತಿಗೇರಿಸಿಕೊಂಡೆ.

ಆದರೆ ತಮ್ಮ ಹಿಡಿದರೆ ಉಡದ ಹಿಡಿತ. ಆವತ್ತಿನಿಂದ ಆ ಪದ ಅವನ ಬಾಯಲ್ಲಿ ಬರಲಿಲ್ಲ. ಮೈದಾನದಲ್ಲಿ ಮಾತ್ರವಲ್ಲ, ಮನೆಯಲ್ಲೂ, ಅಂಗಡಿಯಲ್ಲೂ. “ಸ್ನಾನ ಆಯ್ತೇನೋ?” “ಮುಗೀತು.” “ಹಾಲು ತರ್ತೀಯಾ?” “ತರ್ತೀನಿ.” ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಮುಗೀತಪ್ಪ ಎಂದು ಕರೆಯತೊಡಗಿದರು. ಅವನಿಗೆ ಹೆಣ್ಣು ಗೊತ್ತುಮಾಡುವಾಗ ಹುಡುಗಿಯ ಅಪ್ಪ “ನಮ್ಮ ಮಗಳ ಹತ್ರ ಮಾತಾಡಿದ್ಯೇನಪ್ಪಾ?” ಎಂದು ಕೇಳಿದರೆ, ಈ ಮಹಾಶಯ “ಮುಗೀತು” ಅಂದುಬಿಟ್ಟ. ಸಂಬಂಧವೇ ಮುರಿದುಬಿತ್ತು ಎಂದುಕೊಂಡು ಆ ಮನುಷ್ಯ ಕುರ್ಚಿಯಲ್ಲೇ ಬೆವೆತುಹೋದರು. ನಾನು ನಡುವೆ ಹಾರಿ ಸಮಾಧಾನ ಹೇಳಬೇಕಾಯಿತು. ಮದುವೆಯಾದ ಮೇಲೆ ಎರಡು ಬೀದಿ ಆಚೆ ಮನೆ ಮಾಡಿದ. ಆದರೂ ನಮ್ಮ ಮನೆಯ ನಲ್ಲಿ, ಇಸ್ತ್ರಿಪೆಟ್ಟಿಗೆ, ಬಾಗಿಲ ಕೀಲು, ಎಲ್ಲದಕ್ಕೂ ಅವನೇ. ಕೆಲಸ ಮಾಡಿ ಕೈ ಒರೆಸಿಕೊಳ್ಳುತ್ತ “ಮುಗೀತಕ್ಕ” ಅನ್ನುತ್ತಿದ್ದನಲ್ಲ, ಆ ದನಿ ಕೇಳಿದರೆ ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ವಿಮಾನದ ಪೆಟ್ರೋಲು ಇರುವುದು ರೆಕ್ಕೆಯೊಳಗಿನ ತೊಟ್ಟಿಯಲ್ಲಿ. ಮಳೆಯ ಹನಿ ಮುಚ್ಚಳದ ಸಂದಿಯಿಂದ ಇಳಿಯಬಹುದು, ತೊಟ್ಟಿಯೊಳಗೇ ಇಬ್ಬನಿ ಕಟ್ಟಬಹುದು. ನೀರು ಭಾರ, ತಳಕ್ಕೆ ಇಳಿದು ಕೂರುತ್ತದೆ. ಅದಕ್ಕೇ ಪ್ರತಿ ಬೆಳಿಗ್ಗೆ ಮೊದಲ ಹಾರಾಟಕ್ಕೆ ಮುಂಚೆ ರೆಕ್ಕೆಯ ಅಡಿಯ ತೂತಿಗೆ ಪಾರದರ್ಶಕ ಬಟ್ಟಲು ಒತ್ತಿ ಸ್ವಲ್ಪ ಪೆಟ್ರೋಲು ಇಳಿಸಿ ಬೆಳಕಿಗೆ ಹಿಡಿದು ನೋಡಬೇಕು. ತಳದಲ್ಲಿ ನೀರಿನ ಗುಳ್ಳೆ ಕಂಡರೆ, ಅದು ಹೋಗುವವರೆಗೆ ಮತ್ತೆ ಮತ್ತೆ ಇಳಿಸಬೇಕು. ಇದಕ್ಕೆ ನಮ್ಮವರು ‘ನೀರು ನೋಡುವುದು’ ಅನ್ನುತ್ತಿದ್ದರು. ನೋಡದೆ ಹೊರಟರೆ ಕೊಳವೆಯಲ್ಲಿ ಮೊದಲೇ ಇದ್ದ ಪೆಟ್ರೋಲಿನಲ್ಲಿ ವಿಮಾನ ಓಡುತ್ತದೆ, ಏಳುತ್ತದೆ, ಆಮೇಲೆ ನೀರು ಎಂಜಿನ್ನಿಗೆ ಬರುತ್ತದೆ. ಅಂದರೆ ಸರಿಯಾಗಿ ನೆಲ ಬಿಟ್ಟ ಮೇಲೆ.

ಆ ದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಹಿಂದಿನ ಸಂಜೆ ಮಳೆ ಸುರಿದಿದ್ದರಿಂದ ಹಗ್ಗ ಇನ್ನೂ ಒದ್ದೆಯಾಗಿತ್ತು. ಇವರು ಹಲ್ಲಿನ ಡಾಕ್ಟರೊಬ್ಬರಿಗೆ ಹಾರಾಟ ಕಲಿಸುತ್ತಿದ್ದರು. ಆ ದಿನದ ಮೊದಲ ಪಾಠ ಅವರದೇ. ವಿಮಾನ ನಮ್ಮ ಮನೆಯ ಮೇಲೆ ಏರುವ ಸದ್ದು ನನಗೆ ಎಷ್ಟು ರೂಢಿಯೆಂದರೆ, ಅದು ಕೇಳುವುದೇ ಇಲ್ಲ. ಆವತ್ತು ಕೇಳಿತು, ಏಕೆಂದರೆ ಅದು ಕೆಮ್ಮಿತು. ಮತ್ತೆ ಹಿಡಿದುಕೊಂಡಿತು. ಮತ್ತೆ ಕೆಮ್ಮಿತು. ಆಮೇಲೆ ಏನೂ ಇಲ್ಲ. ಕೈಯಲ್ಲಿದ್ದ ಒದ್ದೆ ಬಟ್ಟೆ ಬಿಸಾಕಿ ಬೇಲಿಗೆ ಓಡಿದೆ. ವಿಮಾನ ಗಾಳಿಯಲ್ಲಿ ಸದ್ದಿಲ್ಲದೆ ಹೋಗುತ್ತಿತ್ತು.

“ತಿರುಗಿಸಬೇಡಿ, ತಿರುಗಿಸಬೇಡೀ!” ಎಂದು ಬಾಯಿ ಬಡಿದುಕೊಂಡೆ. ಅವರಿಗೇನು ಕೇಳಿಸುತ್ತದೆಯೇ? ಇವರು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮಾತು ಅದು. ಎದ್ದ ಕೂಡಲೇ ಎಂಜಿನ್ ನಿಂತರೆ ಹಿಂದೆ ತಿರುಗಿ ಮೈದಾನಕ್ಕೆ ಬರುವ ಆಸೆಯೇ ಕೊಲ್ಲುವುದು. ತಿರುವಿನಲ್ಲಿ ವಿಮಾನ ಬಿದ್ದೇ ಬೀಳುತ್ತದೆ. ಮೂತಿ ತಗ್ಗಿಸಿ, ಮುಂದೆ ಏನು ಸಿಗುತ್ತದೋ ಅಲ್ಲಿ ಇಳಿಯಬೇಕು. ಇವರು ತಿರುಗಿಸಲಿಲ್ಲ. ಮುಂದೆ ಉತ್ತ ಹೊಲವಿತ್ತು, ಅಲ್ಲಿಗೇ ಇಳಿಸಿದರು. ಹೊಲದಂಚಿನ ಕಾಲುವೆಗೆ ಚಕ್ರ ಸಿಕ್ಕಿ ವಿಮಾನ ಮುಗ್ಗರಿಸಿತು. ಹಲ್ಲಿನ ಡಾಕ್ಟರ ಮುಂದಿನ ಎರಡು ಹಲ್ಲು ಹೋದವು. ಇವರ ಬಲಗಾಲು ಮಂಡಿಯ ಕೆಳಗೆ ಮುರಿಯಿತು. ಪ್ರಾಣಕ್ಕೇನೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ತಮ್ಮ ಭಾವನ ಮಂಚದ ಸರಳು ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ನಾನು ಅವನ ತಲೆ ಸವರಿ, “ಸುಮ್ನಿರೋ, ಬದುಕಿದ್ದಾರಲ್ಲ” ಎಂದು ಸಂತೈಸಿದೆ. ಗಂಡನ ಕಾಲು ಮುರಿದಿದೆ, ನಾನು ತಮ್ಮನ ಕಣ್ಣು ಒರೆಸುತ್ತಿದ್ದೇನೆ! ನಾನು ಔಷಧಿ ತರಲು ಹೋದಾಗ ಇವರು ಅವನಿಗೆ ಹೇಳಿದ್ದರಂತೆ: “ಹೆದರ್ಬೇಡ. ನೀರು ನೋಡೋದು ಮರೆತೆ ಅಂತ ಹೇಳ್ಬಿಡು. ನಿನ್ನ ಮಾತು ನಂಬ್ಕೊಂಡು ನಾನೂ ಇನ್ನೊಂದ್ಸಲ ನೋಡ್ಲಿಲ್ಲ, ಅದನ್ನ ನಾನು ಹೇಳ್ತೀನಿ. ತಪ್ಪು ಹಂಚ್ಕೊಂಡ್ರೆ ಇಬ್ರೂ ಉಳ್ಕೋತೀವಿ.” ಈ ಮಾತು ನನಗೆ ಗೊತ್ತಾದದ್ದು ಬಹಳ ತಡವಾಗಿ.

ವಿಚಾರಣೆಗೆ ದೊಡ್ಡ ಆಫೀಸಿನಿಂದ ಅಧಿಕಾರಿಯೊಬ್ಬರು ಬಂದರು. ಮಾಲೀಕರ ಕೋಣೆಯಲ್ಲಿ ಕೂತರು. ನಾನು ಇವರ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಹೊರಗೆ ಬೆಂಚಿನ ಮೇಲೆ ಕೂತೆ. ಪ್ಲೈವುಡ್ಡಿನ ಗೋಡೆ, ಒಳಗಿನ ಮಾತೆಲ್ಲ ಸ್ಪಷ್ಟ ಕೇಳುತ್ತಿತ್ತು. ಮೊದಲು ಇವರು ಹೇಳಿದರು. “ನೀರು ನೋಡಿದ್ಯೇನೋ ಅಂತ ಕೇಳ್ದೆ. ‘ಮುಗೀತು ಭಾವ’ ಅಂತ ಹೆಬ್ಬೆರಳೆತ್ತಿ ತೋರಿಸ್ದ. ನಾನು ಇನ್ನೊಂದ್ಸಲ ನೋಡ್ಬೇಕಿತ್ತು ಸಾರ್, ನೋಡ್ಲಿಲ್ಲ. ಅಷ್ಟು ತಪ್ಪು ನಂದು.”

ಆಮೇಲೆ ತಮ್ಮನ ದನಿ. “ಭಾವ ‘ನೀರು ನೋಡೋ’ ಅಂದ್ರು ಸಾರ್. ನಾನು ‘ಆಯ್ತು’ ಅಂದೆ. ಬಟ್ಟಲು ತರೋಕೆ ಶೆಡ್ಡಿಗೆ ಹೋದೆ. ಬರೋದ್ರೊಳಗೆ ಹೊರಟುಬಿಟ್ಟಿದ್ರು.”

“ಆ ಪದ ಅನ್ಬಾರ್ದು ಅಂತ ನಿಮ್ಮಲ್ಲಿ ಕಟ್ಟಪ್ಪಣೆ ಇತ್ತಂತಲ್ಲ?”

“ಇತ್ತು ಸಾರ್. ಬಾಯ್ತಪ್ಪಿ ಬಂತು.”

ನೋಡಿದಿರಾ ಜಾಣತನ? ಭಾವ ಸುಳ್ಳು ಹೇಳುತ್ತಿದ್ದಾರೆ ಅನ್ನಲಿಲ್ಲ. ಅನ್ನುವ ಅಗತ್ಯವೇ ಬೀಳಲಿಲ್ಲ. ಭಾವ ತಪ್ಪಾಗಿ ತಿಳಿದುಕೊಂಡರು, ಆತುರಪಟ್ಟು ಹೊರಟರು, ಅಷ್ಟೇ. ಅಧಿಕಾರಿ ತಾವೇ ವಿವರಿಸಿದರು, ಆ ಪದಕ್ಕೆ ಆಗಿದೆ ಅಂತಲೂ ಅರ್ಥ, ಮಾಡುತ್ತೇನೆ ಅಂತಲೂ ಅರ್ಥ, ಯಾರನ್ನು ದೂರುವುದು ಅಂತ. ಆ ಮಾತು ನಡೆಯುವಾಗ ಅಲ್ಲಿ ಮೂರನೆಯವರಿರಲಿಲ್ಲ. ಹಲ್ಲಿನ ಡಾಕ್ಟರು ಗೇಟಿನ ಹತ್ತಿರ ಫೋನಿನಲ್ಲಿದ್ದರು. ತಮ್ಮನಿಗೆ ನಾಲಿಗೆ ಬಿಗಿಹಿಡಿಯಲು ಬುದ್ಧಿಮಾತು. ಇವರಿಗೆ ಮುಂದಿನ ಆದೇಶದವರೆಗೆ ವಿಮಾನ ಹತ್ತುವ ಹಾಗಿಲ್ಲ, ಕಲಿಸುವ ಹಾಗಿಲ್ಲ. ಕೊನೆಯ ತೀರ್ಮಾನಕ್ಕೆ ಇನ್ನೂ ಸಮಯವಿದೆ, ಯಾರಿಗಾದರೂ ಏನಾದರೂ ನೆನಪಾದರೆ ಬಂದು ಹೇಳಿ ಎಂದು ಅಧಿಕಾರಿ ಎದ್ದರು. ಕಲಿಸುವುದು ಹೋದರೆ ಇವರ ಹತ್ತಿರ ಉಳಿಯುವುದು ಏನೂ ಇರಲಿಲ್ಲ. ಅಷ್ಟೂ ನಿಂತಿದ್ದದ್ದು ಒಂದೇ ಪ್ರಶ್ನೆಯ ಮೇಲೆ: ಆ ಬೆಳಿಗ್ಗೆ ನನ್ನ ತಮ್ಮನ ಬಾಯಿಂದ ಬಂದ ಪದ ಯಾವುದು?

ಮನೆಗೆ ಬಂದ ಮೇಲೆ ಇವರು ಒಂದೇ ಸಲ ಕೇಳಿದರು.

“ನಿಂಗೇನನ್ಸುತ್ತೆ?”

“ಬಾಯ್ತಪ್ಪಿರಬಹುದಲ್ವೇನ್ರೀ? ನಿಮ್ಗೂ ಆ ಗಡಿಬಿಡಿಯಲ್ಲಿ...”

ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಮತ್ತೆ ಆ ಸುದ್ದಿ ಎತ್ತಲಿಲ್ಲ. ನಾನೇನು ಮಾಡಲಿ? ಒಬ್ಬರು ತಾಳಿ ಕಟ್ಟಿದ ಗಂಡ, ಒಬ್ಬ ಎತ್ತಿ ಆಡಿಸಿದ ತಮ್ಮ. ಇಬ್ಬರಲ್ಲಿ ಒಬ್ಬರೂ ಸುಳ್ಳುಗಾರರಲ್ಲ ಅನ್ನುವ ದಾರಿಯೊಂದು ಕಾಣಿಸುತ್ತಿತ್ತಲ್ಲ, ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ತಮ್ಮ ಬರುವುದು ಬಿಡಲಿಲ್ಲ. ಹಣ್ಣು ತರುತ್ತಿದ್ದ, ಭಾವನ ಕೋಣೆಯ ಬಾಗಿಲಲ್ಲಿ ನಿಂತು “ಹೇಗಿದೆ ಭಾವ?” ಅನ್ನುತ್ತಿದ್ದ. ಇವರು ಪೇಪರಿನಿಂದ ಕಣ್ಣೆತ್ತುತ್ತಿರಲಿಲ್ಲ. ಅಷ್ಟರಲ್ಲಿ ನನಗೊಂದು ವಿಚಿತ್ರ ಕಿವಿಗೆ ಬಿತ್ತು. “ಟೀ ಕುಡ್ಕೊಂಡು ಹೋಗೋ” ಅಂದರೆ “ಆಯ್ತಕ್ಕ”. “ಬಾಗಿಲು ಹಾಕಿದ್ಯಾ?” “ಆಯ್ತಕ್ಕ.” ಪಕ್ಕದ ಮನೆಯಾಕೆ ಸೌದೆ ಅಟ್ಟಕ್ಕೆ ಎತ್ತಿಕೊಡಪ್ಪಾ ಅಂದಾಗ, ಬೀದಿಗೆಲ್ಲ ಕೇಳುವ ಹಾಗೆ “ಆಯ್ತು, ಆಯ್ತು!” ಇಷ್ಟು ವರ್ಷ ಒಮ್ಮೆಯೂ ತಪ್ಪದ ಬಾಯಿ ಈಗ ಮಾತು ಮಾತಿಗೂ ತಪ್ಪುತ್ತಿತ್ತು. ಪಾಪ, ಆಘಾತದಿಂದ ಹೀಗಾಗಿದ್ದಾನೆ ಎಂದು ಮೊದಲು ಮರುಗಿದೆ. ನನ್ನ ಮರುಕಕ್ಕಿಷ್ಟು ಬೆಂಕಿ ಹಾಕ.

ಒಂದು ಭಾನುವಾರ ಅಡುಗೆಮನೆಯ ಸಿಂಕಿನ ಕೆಳಗಿನ ಪೈಪು ಸೋರತೊಡಗಿತು. ರೂಢಿಯಂತೆ ಅವನಿಗೇ ಹೇಳಿ ಕಳಿಸಿದೆ. ಬಂದ, ಬಟ್ಟೆ ಹಾಸಿ ಅಂಗಾತ ಮಲಗಿ ತಲೆ ಒಳಗೆ ತೂರಿಸಿದ. ಕೆಲಸ ಹಿಡಿದರೆ ಅವನಿಗೆ ಲೋಕ ಬೇಡ, ಸಣ್ಣಗೆ ಶಿಳ್ಳೆ ಹಾಕಿಕೊಳ್ಳುತ್ತಿದ್ದ. ನಾನು ಟೀಗೆ ನೀರಿಟ್ಟೆ. ಇವರು ಊರುಗೋಲು ಊರಿಕೊಂಡು ನೀರು ಕುಡಿಯಲು ಬಂದು ಬಾಗಿಲಲ್ಲಿ ನಿಂತರು; ಕೆಳಗೆ ತಮ್ಮನ ಕಾಲು ಕಂಡು ಹಿಂದಿರುಗುವವರಿದ್ದರು. ಆಗ ಸಿಂಕಿನ ಒಳಗಿಂದ, ಅದೇ ಹಳೆಯ ದನಿಯಲ್ಲಿ, ಮಾತು ಬಂತು.

“ಮುಗೀತಕ್ಕ!”

ನನಗೆ ಸಂತೋಷವೇ ಆಯಿತು. ಅಬ್ಬ, ಹುಡುಗ ಮೊದಲಿನ ಹಾಗಾದ ಎಂದುಕೊಂಡೆ. ಅವನು ತಲೆ ಹೊರಗೆ ತೆಗೆದ. ಊರುಗೋಲು ಕಂಡಿತು, ಮೇಲೆ ಭಾವನ ಮುಖ ಕಂಡಿತು. ಅವನ ಮುಖದ ಕಳೆ ಇಳಿದುಹೋಯಿತು.

“ಅಂದ್ರೆ... ಆಯ್ತು ಅಂದೆ ಅಕ್ಕ” ಅಂದ. “ಆಯ್ತು.”

ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಪೈಪು ಸರಿಮಾಡಿದವನು ಮುಗೀತು ಅಂದರೆ ತಪ್ಪೇನು? ಅದನ್ನು ತಿದ್ದಿಕೊಳ್ಳುವ ಗರಜು ಯಾರಿಗಿರುತ್ತದೆ? ಅಂದರೆ ಇಷ್ಟು ದಿನ ನನ್ನ ಮನೆಯಲ್ಲಿ ಕೂತು, ನನ್ನ ಟೀ ಕುಡಿಯುತ್ತ, ಈ ಪದವನ್ನು ಅಭ್ಯಾಸ ಮಾಡುತ್ತಿದ್ದ. ನನ್ನ ಕಿವಿಯನ್ನು ಪಳಗಿಸುತ್ತಿದ್ದ. ನಾಳೆ ಯಾರಾದರೂ ಕೇಳಿದರೆ, ‘ಹೌದು, ನನ್ನ ತಮ್ಮ ಹಾಗೂ ಅನ್ನುತ್ತಾನೆ’ ಎಂದು ನಾನೇ ಹೇಳಬೇಕಲ್ಲ!

“ಏನಂದೆ ಆವತ್ತು?” ಎಂದೆ. “ನನ್ನ ಮುಖ ನೋಡಿ ಹೇಳು. ಭಾವಂಗೆ ಏನಂದೆ?”

ಅವನು ಪೈಪು ಬಿಗಿಯುವ ಪಾನವನ್ನು ಕೈಯಲ್ಲಿ ತಿರುವುತ್ತ ಕೂತ. ಆಮೇಲೆ ಬಿಕ್ಕಿದ. “ಬಟ್ಟಲು ಶೆಡ್ಡಲ್ಲಿತ್ತು ಅಕ್ಕ. ಒಂದಿನ ನೋಡ್ದಿದ್ರೆ ಏನಾಗುತ್ತೆ ಅನ್ಕೊಂಡೆ. ಮುಗೀತು ಅಂದ್ಬಿಟ್ಟೆ. ಲೈಸೆನ್ಸ್ ಹೋದ್ರೆ ನಂಗೆ ಇನ್ನೇನು ಬರುತ್ತೆ ಹೇಳು? ಮನೇಲಿ ಅವಳು ಬೇರೆ ಬಸುರಿ.”

“ಇವ್ರಿಗೆ ಇನ್ನೇನು ಬರುತ್ತೋ, ಸಂಗೀತ ಬರುತ್ತಾ?” ಎಂದು ಕಿರುಚಿದೆ. “ಥೂ ನಿನ್ನ! ಬಿದ್ದು ಕಾಲು ಮುರ್ಕೊಂಡೋರು ತಪ್ಪಲ್ಲಿ ಪಾಲು ತಗೊಂಡು ನಿನ್ನನ್ನ ಉಳಿಸೋಕೆ ನೋಡಿದ್ರಲ್ಲೋ. ನಾನು ಅವ್ರನ್ನ ಬಿಟ್ಟು ನಿನ್ನ ಮಾತು ನಂಬಿದ್ನಲ್ಲೋ! ನನ್ನ ಸೊಂಟದ ಮೇಲೆ ಕೂತು ಬೆಳೆದೋನು, ನನ್ನ ಕಣ್ಣಿಗೇ ಮಣ್ಣೆರಚಿದೆಯಲ್ಲೋ!”

ಟೀ ನೀರು ಉಕ್ಕಿ ಒಲೆ ಆರಿತು. ನಾನು ಒಲೆ ತಿರುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಸಮಾಧಾನ ತಂದುಕೊಂಡು ಅವನ ಮುಂದೆ ಕುಕ್ಕುರುಗಾಲಲ್ಲಿ ಕೂತೆ. ಎಷ್ಟಾದರೂ ತಮ್ಮ.

“ನೋಡು, ಇನ್ನೂ ಕಾಲ ಮಿಂಚಿಲ್ಲ. ನಾಳೆ ಬೆಳಿಗ್ಗೆ ಆ ಅಧಿಕಾರಿ ಹತ್ರ ಹೋಗು. ಇದ್ದದ್ದು ಇದ್ದ ಹಾಗೆ ಹೇಳ್ಬಿಡು. ನಾನೂ ಜೊತೇಲಿ ಬರ್ತೀನಿ. ಹೋಗಿ ಹೇಳ್ತೀಯಾ?”

ಅವನು ಕಣ್ಣೊರೆಸಿಕೊಂಡ. ಪಾನ, ಚಿಂದಿ ಬಟ್ಟೆ, ದಾರದ ಉಂಡೆ ಎಲ್ಲ ಪೆಟ್ಟಿಗೆಗೆ ಹಾಕಿದ. ಒಂದೂ ಹೊರಗೆ ಉಳಿದಿಲ್ಲವೆಂದು ನೋಡಿಕೊಂಡ. ಎದ್ದು ನಿಂತು, ಗೋಡೆಯ ಮೇಲಿನ ಗ್ರೀಸ್ ಕೈಗಳ ಕಡೆ ನೋಡದೆ, ಮೆಲ್ಲಗೆ ಹೇಳಿದ.

“ಆಯ್ತಕ್ಕ.”

ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು. ಹೇಳ್ತೀನಿ ಅನ್ನಲಿಲ್ಲ ಅವನು. ಆ ಪದ ಅವನಿಗೆ ಗೊತ್ತಿತ್ತು, ಇದೇ ಮನೆಯ ಊಟದ ತಟ್ಟೆಯ ಮುಂದೆ ಕಲಿತದ್ದು.

ಮಾರನೆಯ ಬೆಳಿಗ್ಗೆ ನಾನು ಸೀರೆ ಉಟ್ಟು ಬಾಗಿಲಲ್ಲಿ ಕಾದೆ. ಅವನು ಬರಲಿಲ್ಲ. ನಾನೊಬ್ಬಳೇ ಹೋಗಿ ಅಧಿಕಾರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಮರ್ಯಾದೆಯಿಂದಲೇ ಕೇಳಿಸಿಕೊಂಡು, “ನೀವು ಅವರ ಹೆಂಡತಿ ಅಲ್ವಾಮ್ಮ” ಅಂದರು. ಇವರ ಲೈಸೆನ್ಸು ಹೋಯಿತು. ಕ್ವಾರ್ಟರ್ಸು ಬಿಟ್ಟುಕೊಡಲು ಹೇಳಿದ್ದಾರೆ, ಸಾಮಾನು ಕಟ್ಟುತ್ತಿದ್ದೇವೆ. ಸಿಂಕಿನ ಕೆಳಗೆ ಕೈಯಾಡಿಸಿ ನೋಡಿದೆ. ಅವನು ಹಾಕಿದ ಪೈಪಿನಿಂದ ಈವರೆಗೆ ಒಂದು ಹನಿ ನೀರೂ ಸೋರಿಲ್ಲ.